ಕಿತ್ತೂರಿನ ಬಾಗಿಲು ಯಾವಾಗ ತೆಗೀಬೇಕು?

ಹಳೆಯ ಯುದ್ಧವೊಂದನ್ನು ಪುಟ್ಟ ಗೊಂಬೆ ಸೈನಿಕರು, ದಾಳ, ಅಳತೆಪಟ್ಟಿ ಇಟ್ಕೊಂಡು ಮತ್ತೆ ಆಡೋದಕ್ಕೆ ವಾರ್‌ಗೇಮ್ ಅಂತಾರೆ. ಗೊಂಬೆಗಳು ದುಬಾರಿ. ಹಾಗಾಗಿ ಇಡಗುಂದಿಯ ನಮ್ಮನೆ ಜಗಲಿಯಲ್ಲಿ ಅಡಿಕೆ ಅಂದ್ರೆ ಕಿತ್ತೂರಿನವರು, ಗೇರುಬೀಜ ಅಂದ್ರೆ ಕಂಪನಿ ಸೈನ್ಯ.

ನಿಯಮ ಸುಲಭ: ಕಾಲಾಳು ಒಂದು ಸರದಿಗೆ ಒಂದು ಗೇಣು, ಕುದುರೆ ಎರಡು, ಗುಂಡು ತಾಗಿತೋ ಇಲ್ವೋ ದಾಳ ಹೇಳುತ್ತೆ. ಕಷ್ಟ ಇರೋದು ಸನ್ನಿವೇಶ ಕಟ್ಟೋದ್ರಲ್ಲಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಫಿರಂಗಿ ತಂದು ಕಿತ್ತೂರು ಕೋಟೆಯ ಎದುರು ನಿಂತ. ಒಳಗಿನವರು ಇದ್ದಕ್ಕಿದ್ದಂತೆ ತಾವೇ ಬಾಗಿಲು ತೆಗೆದು ಮೇಲೆ ಬಿದ್ದರು. ಥ್ಯಾಕರೆ ಸತ್ತ. ಈ ಕಥೆ ಕಂಪನಿ ಕಡೆ ಆಡೋ ನನ್ನ ತಂಗಿಗೂ ಗೊತ್ತಲ್ಲ! ಅವಳು ಫಿರಂಗಿಯನ್ನ ಬಾಗಿಲ ಹತ್ತಿರ ತರೋದೇ ಇಲ್ಲ.

ಇದಕ್ಕೆ ಮದ್ದು ಸಿಕ್ಕಿದ್ದು ಪ್ರಷ್ಯಾದಲ್ಲಿ. ಅದೇ 1824ರಲ್ಲಿ (ಎಂಥ ಕಾಕತಾಳೀಯ!) ರೈಸ್ವಿಟ್ಸ್ ಎಂಬ ಸೇನಾಧಿಕಾರಿ 'ಕ್ರೀಗ್‌ಸ್ಪೀಲ್' ಆಟದ ನಿಯಮ ಪ್ರಕಟಿಸಿದ. ಅದರಲ್ಲಿ ಅಂಪೈರ್ ಇರ್ತಾನೆ. ಆಟಗಾರರು ಆದೇಶ ಬರೆದು ಅವನಿಗೆ ಕೊಡ್ತಾರೆ. ಶತ್ರುವಿನಲ್ಲಿ ಕಣ್ಣಿಗೆ ಬೀಳುವಷ್ಟನ್ನೇ ಅವನು ತೋರಿಸ್ತಾನೆ.

ನಮ್ಮ ಅಂಪೈರ್ ಅಜ್ಜ. ಕೋಟೆಯೊಳಗಿನ ಅಡಿಕೆ ಡಬ್ಬದಲ್ಲಿರುತ್ತೆ, ಎಷ್ಟಿದೆ ಅಂತ ಕಂಪನಿಗೆ ಗೊತ್ತಿಲ್ಲ. ಯಾವ ಸರದಿಗೆ ಹೊರಬೀಳೋದು ಅಂತ ನಾನು ಮೊದಲೇ ಚೀಟಿಯಲ್ಲಿ ಬರೆದುಕೊಡಬೇಕು. ಬೇಗ ಬಂದರೆ ಫಿರಂಗಿ ಇನ್ನೂ ದೂರ, ಬಯಲಲ್ಲೇ ಸಾಯ್ತೀವಿ. ತಡವಾದರೆ ಬಾಗಿಲೇ ಪುಡಿ. ಕಂಪನಿಗೆ ಎಂಟೇ ಸರದಿ. ದೂರದಿಂದ ಬಾಗಿಲು ಒಡೆಯೋಕೆ ದಾಳದಲ್ಲಿ ಆರೇ ಬೀಳಬೇಕು, ಹತ್ತಿರ ಬಂದರೆ ಮೂರು ಸಾಕು. ಈಗ ತಂಗಿ ತಾನಾಗೇ ಹತ್ತಿರ ಬರ್ತಾಳೆ.

ಕಿತ್ತೂರು ಸೋಲಬಹುದಾದ ಆಟ ಯಾಕೆ ಅಂತ ಅಜ್ಜನ ತಕರಾರು. ಸೋಲೋ ಭಯವೇ ಇಲ್ದಿದ್ರೆ ಬಾಗಿಲು ತೆಗೆಯೋಕೆ ಧೈರ್ಯ ಯಾಕೆ ಬೇಕು ಅಂತ ನನ್ನ ವಾದ. ಡಿಸೆಂಬರಿನ ಎರಡನೇ ಮುತ್ತಿಗೆಗೆ ನಿಯಮ ಇನ್ನೂ ಬರೀತಿದ್ದೀನಿ. ಅದಕ್ಕೆ ಗೇರುಬೀಜ ತುಂಬಾ ಬೇಕು.