ನಿಂಬೆ ಹಿಂಡಿದರೆ ಗುಳ್ಳೆ ಏಳುವ ಮಣ್ಣು

ಚಿಂಚೋಳಿ ತಾಲ್ಲೂಕಿನ ಸುಲೇಪೇಟದ ಒಂದು ಮನೆಗೆ ಹೋಗಿದ್ದು ಪುಂಡಿಪಲ್ಯದ ಬೀಜ ಕೇಳಲಿಕ್ಕೆ. ಅಂಗಳದಲ್ಲಿ ಫರಸಿ ಕಲ್ಲುಗಳನ್ನು ಮೊಳಕಾಲೆತ್ತರ ನಿಲ್ಲಿಸಿ, ನಡುವೆ ಮಣ್ಣು ತುಂಬಿ ಮಡಿ ಮಾಡಿದ್ದರು. ಪುಂಡಿ, ಮೆಂತ್ಯ, ಚವಳಿ, ತೊಗರಿ ಕಟ್ಟಿಗೆಯ ಚಪ್ಪರಕ್ಕೆ ಹಬ್ಬಿದ ಹೀರೆ, ಎಲ್ಲವೂ ಸೊಂಪಾಗಿದ್ದವು. ಮೂಲೆಯ ದಾಸವಾಳ ಮಾತ್ರ ಸೊರಗಿತ್ತು. ಚಿಗುರೆಲೆ ಹಳದಿ, ಎಲೆಯ ನರವಷ್ಟೇ ಹಸಿರು.

‘ನೀರು ಸಾಲದೇನೋ ಆಯಿ’ ಅಂದೆ.

‘ನೀರ್ ಬ್ಯಾಡ್ರಿ ಅದಕ್ಕ, ಸುಣ್ಣ ಭಾಳ ಆಗ್ಯಾದ’ ಎಂದ ಆಕೆ ಒಳಗಿಂದ ನಿಂಬೆಹೋಳು ತಂದು ಒಣಮಣ್ಣಿನ ಹೆಂಟೆಯ ಮೇಲೆ ಹಿಂಡಿದರು. ಸಣ್ಣಗೆ ಗುಳ್ಳೆ ಎದ್ದವು.

ಹುಳಿ ಬಿದ್ದಾಗ ಸುಣ್ಣ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಶಾಲೆಯಲ್ಲಿ ಓದಿದ್ದೇ. ಆದರೆ ಅದನ್ನು ಅಂಗಳದಲ್ಲಿ ಹೀಗೆ ನೋಡಿರಲಿಲ್ಲ. ಅಂದಿನಿಂದ ಜೇಬಿನಲ್ಲೊಂದು ನಿಂಬೆಹಣ್ಣು ಇಟ್ಟುಕೊಂಡೇ ತಿರುಗುತ್ತಿದ್ದೇನೆ. ಸೇಡಂನಲ್ಲಿ ಹಿಂಡಿದೆ, ಚಿತ್ತಾಪುರದಲ್ಲಿ ಹಿಂಡಿದೆ. ಹೊಲದ ಎರೆಮಣ್ಣಿನಲ್ಲಿ ಸಿಗುವ ಬಿಳಿ ಸುಣ್ಣದ ಹರಳಿನ ಮೇಲೆ ಹಿಂಡಿದರಂತೂ ನೋಡುವ ಹಾಗಿರುತ್ತದೆ. ಶಹಾಬಾದ್‌ನಲ್ಲಿ ನೆಂಟರ ಹೊಸ್ತಿಲ ಪಕ್ಕದ ಕುಂಡಕ್ಕೆ ಹೋಳು ಹಿಂಡುತ್ತಿದ್ದಾಗ ಪಕ್ಕದ ಮನೆಯವರು ಕಂಡು, ಮಾಟ ಮಾಡಿಸುತ್ತಿದ್ದಾರೆಂದು ಗಾಬರಿಯಾದರು. ಹೊಸ್ತಿಲು, ನಿಂಬೆಹಣ್ಣು, ಬಗ್ಗಿ ಕೂತ ಅಪರಿಚಿತ, ಅವರದೇನೂ ತಪ್ಪಿಲ್ಲ.

ಈ ಸೀಮೆಯ ತಳವೇ ಸುಣ್ಣ. ಭೀಮಾ ಕಣಿವೆಯ ಸುಣ್ಣಕಲ್ಲಿಗಾಗಿಯೇ ವಾಡಿ, ಶಹಾಬಾದ್, ಸೇಡಂ, ಮಳಖೇಡಗಳಿಗೆ ಸಿಮೆಂಟ್ ಕಾರ್ಖಾನೆಗಳು ಬಂದವು. ಮನೆಗೆ ಹಾಸುವ ಫರಸಿಯೂ ಅದೇ ಕಲ್ಲು. ಕೊಳವೆಬಾವಿಯ ನೀರಿನಲ್ಲೂ ಸುಣ್ಣ. ಕುಂಡದ ಅಂಚಿಗೆ ಕಟ್ಟುವ ಬಿಳಿ ಪೊರೆ ಅದರದೇ. ಇಂಥ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಇಲ್ಲದಂತೆ, ಬೇರಿಗೆ ದಕ್ಕದ ರೂಪದಲ್ಲಿ ಕೂತುಬಿಡುತ್ತದೆ. ದಾಸವಾಳ, ಗುಲಾಬಿ, ಮಲ್ಲಿಗೆ, ಕರಿಬೇವು ಬೇಗ ಹಳದಿಯಾಗುತ್ತವೆ. ಪರೀಕ್ಷೆಗೆ ಹಣ್ಣು ಕೊಡುವ ನಿಂಬೆಗಿಡಕ್ಕೂ ಇದೇ ಗತಿ. ದಾಳಿಂಬೆ, ನುಗ್ಗೆ, ಕಣಗಿಲೆ, ಬೋಗನ್‌ವಿಲ್ಲಾ, ಲೋಳೆಸರಗಳಿಗೆ ಅಷ್ಟು ಚಿಂತೆಯಿಲ್ಲ. ನರ್ಸರಿಯವರು ಗುಲಾಬಿಯನ್ನೇ ಮುಂದೆ ಮಾಡುತ್ತಾರೆ. ಹೊಸಬರು ಕಣಗಿಲೆಯಿಂದ ಶುರುಮಾಡಲಿ ಎಂಬುದು ನನ್ನ ಮತ. ಮನೆಯಲ್ಲಿ ಚಿಕ್ಕ ಮಕ್ಕಳೋ ದನವೋ ಇದ್ದರೆ ಅದೂ ಬೇಡ, ವಿಷದ ಗಿಡ.

ಬರೀ ಎರೆಮಣ್ಣನ್ನು ಕುಂಡಕ್ಕೆ ತುಂಬಬೇಡಿ. ಒಣಗಿದರೆ ಬಿರಿಯುತ್ತದೆ, ಹಾಕಿದ ನೀರೆಲ್ಲ ಬಿರುಕಿನಲ್ಲಿ ಇಳಿದು ಹೋಗುತ್ತದೆ. ಎರೆ, ಕೆಮ್ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮಸಮ ಇರಲಿ, ಮೇಲಿಷ್ಟು ಹಳ್ಳದ ಮರಳು. ಚಿಂಚೋಳಿ ಕಡೆ ಎರೆಯೂ ಕೆಮ್ಮಣ್ಣೂ ಎರಡೂ ಸಿಗುವುದು ಪುಣ್ಯ. (ಅಲ್ಲಿನ ಅಭಯಾರಣ್ಯದ ಮಣ್ಣಿಗೆ ಮಾತ್ರ ಕೈ ಹಾಕಬೇಡಿ.) ಮರಳು ದುಬಾರಿಯೆಂದು ಫರಸಿ ಪಾಲಿಶ್ ಮಾಡುವಲ್ಲಿನ ಕೆಸರನ್ನೋ ಸುಣ್ಣಕಲ್ಲಿನ ಕ್ರಷರ್ ಪುಡಿಯನ್ನೋ ಬೆರೆಸಿದರೆ ಸುಣ್ಣಕ್ಕೆ ಸುಣ್ಣ ಸೇರಿಸಿದಂತಾಯಿತು.

ಇಲ್ಲಿನ ಬೇಸಿಗೆ 42 ಡಿಗ್ರಿ ದಾಟುತ್ತದೆ. ಏಪ್ರಿಲ್ ಬಂತೆಂದರೆ ಮಾಳಿಗೆಯ ಕುಂಡಗಳನ್ನು ಇಳಿಸಿ ಬೇವಿನ ನೆರಳಿಗೆ ತನ್ನಿ. ಮೇಲ್ಮಣ್ಣಿಗೆ ತೊಗರಿ ಹೊಟ್ಟು ಹೊದಿಸಿ. ನುಗ್ಗೆ, ದಾಳಿಂಬೆಯ ಬುಡದ ಪಕ್ಕ ಹಳೆಯ ಮಣ್ಣಿನ ಗಡಿಗೆಯನ್ನು ಕುತ್ತಿಗೆಯ ತನಕ ಹೂತು ನೀರು ತುಂಬಿ ಮುಚ್ಚಿಟ್ಟರೆ ಬೇರಿಗೆ ಬೇಕಾದಷ್ಟೇ ಜಿನುಗುತ್ತದೆ. ಕೂಲರ್‌ನ ತಳದ ನೀರನ್ನು ಗಿಡಕ್ಕೆ ಸುರಿಯುವವರು ಬಹಳ. ನೀರು ಆವಿಯಾಗಿ ಉಳಿದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಶುದ್ಧ ನೀರಿನ ಯಂತ್ರದಿಂದ ಹೊರಹೋಗುವ ನೀರೂ ಹಾಗೆಯೇ. ಏಸಿಯಿಂದ ತೊಟ್ಟಿಕ್ಕುವ ನೀರಾದರೆ ಧಾರಾಳವಾಗಿ ಹಾಕಿ, ಅದರಲ್ಲಿ ಸುಣ್ಣವಿಲ್ಲ.

ಒಳಾಂಗಣದ ಗಿಡಗಳ ಮಾತು ಬಂದರೆ ನಾನು ಸ್ವಲ್ಪ ಅನುಮಾನದವನು. ಅವು ಕೋಣೆಯ ಗಾಳಿ ತೊಳೆಯುತ್ತವೆಂಬ ಪ್ರಚಾರಕ್ಕೆ ಮೂಲ 1989ರ ನಾಸಾ ಪ್ರಯೋಗ. ಅದು ನಡೆದದ್ದು ಮುಚ್ಚಿದ ಪೆಟ್ಟಿಗೆಯಲ್ಲಿ. ಹಳೆಯ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿದವರು, ಮನೆಯಲ್ಲಿ ಕಿಟಕಿಯ ಗಾಳಿಯ ಮುಂದೆ ಗಿಡದ ಕೆಲಸ ಲೆಕ್ಕಕ್ಕಿಲ್ಲ ಎಂದರು. ಕಣ್ಣಿಗೆ ತಂಪು, ಅಷ್ಟು ಸಾಕಲ್ಲ. ಮನಿ ಪ್ಲಾಂಟನ್ನು ಕಿಟಕಿ ಬಳಿ ಇಡಿ, ನೇರ ಬಿಸಿಲು ಬೇಡ. ಸ್ನೇಕ್ ಪ್ಲಾಂಟ್ ಕೊಳೆತು ಸಾಯುವುದು ಹೆಚ್ಚು ನೀರಿನಿಂದ. ಸಿಮೆಂಟ್ ಧೂಳಿನ ಊರುಗಳಲ್ಲಿ ಎಲೆಗಳನ್ನು ಆಗಾಗ ಒದ್ದೆ ಬಟ್ಟೆಯಿಂದ ಒರೆಸಿ.

ಹಳದಿ ಚಿಗುರಿಗೆ ಮದ್ದು ಗೊಬ್ಬರದಂಗಡಿಯಲ್ಲೇ ಇದೆ: ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್. ಲೀಟರ್ ನೀರಿಗೆ 5 ಗ್ರಾಂ ಹಾಕಿ, ಅರ್ಧ ನಿಂಬೆ ಹಿಂಡಿ, ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಬುಡಕ್ಕೆ ಹಾಕಿದರೆ ಸುಣ್ಣ ಅದನ್ನೂ ಕಟ್ಟಿಹಾಕುತ್ತದೆ. ಬೆರೆಸಿದ್ದನ್ನು ಆಗಲೇ ಬಳಸಿ, ಕಂದುಬಣ್ಣಕ್ಕೆ ತಿರುಗಿದರೆ ಚೆಲ್ಲಿ. ಹಳದಿಯಾಗಿರುವುದು ಕೆಳಗಿನ ಹಳೆಯ ಎಲೆಯಾದರೆ ರೋಗ ಬೇರೆ, ಗೊಬ್ಬರ ಸಾಲದು ಇಲ್ಲವೇ ನೀರು ಹೆಚ್ಚಾಗಿದೆ. ಇನ್ನೊಂದು ಮಾತು: ಸಿಂಪಡಿಸುವಾಗ ಕುಂಡವನ್ನು ಫರಸಿಯಿಂದ ದೂರ ಇಡಿ. ಅನ್ನಭೇದಿಯ ತುಕ್ಕಿನ ಕಲೆ ಆ ಕಲ್ಲಿಗೆ ಹತ್ತಿದರೆ ತಿಕ್ಕಿದರೂ ಸುಲಭಕ್ಕೆ ಹೋಗುವುದಿಲ್ಲ.