ಕಾರಿನ ಸ್ಪೀಕರಿನಲ್ಲಿ ‘ಕುಂಯ್’ ಸದ್ದು: ಎಲ್ಲಿಂದ ಬರುತ್ತದೆ, ಹುಡುಕುವುದು ಹೇಗೆ?

ಕಾರಿನಲ್ಲಿ ಸ್ಟೀರಿಯೊ ಹಾಕಿದಾಗ ಹಾಡಿನ ಹಿಂದೆ ಸಣ್ಣಗೆ ‘ಕುಂಯ್’ ಎಂಬ ಸದ್ದು ಕೇಳುವುದುಂಟು. ಆಕ್ಸಿಲರೇಟರ್ ಒತ್ತಿದರೆ ಅದು ಇನ್ನಷ್ಟು ಕೀರಲಾಗುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ಅಂಗಡಿಗೆ ಹೋದರೆ ಒಬ್ಬರು ಸ್ಪೀಕರ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಫಿಲ್ಟರ್ ಹಾಕಿಸಿ ಎನ್ನುತ್ತಾರೆ. ಎಷ್ಟೋ ಸಲ ಹಣ ಹೋಗುತ್ತದೆ, ಸದ್ದು ಮಾತ್ರ ಹಾಗೆಯೇ ಉಳಿಯುತ್ತದೆ. ಟ್ಯಾಕ್ಸಿ ಅಥವಾ ಶಾಲಾ ವ್ಯಾನ್ ಓಡಿಸಿ ಸಂಸಾರ ನಡೆಸುವ ಮನೆಗಳಲ್ಲಿ ಗಾಡಿ ಒಂದು ದಿನ ಗ್ಯಾರೇಜಿನಲ್ಲಿ ನಿಂತರೂ ಆ ದಿನದ ದುಡಿಮೆ ಹೋದಂತೆ. ಕೆಲವೊಮ್ಮೆ ಈ ಸದ್ದು ಆಲ್ಟರ್ನೇಟರ್ ಕೆಡುತ್ತಿರುವುದರ ಮೊದಲ ಸೂಚನೆಯೂ ಆಗಿರುತ್ತದೆ. ಆದ್ದರಿಂದ ಸದ್ದಿನ ಮೂಲ ಹುಡುಕಲು ಕಲಿತರೆ ಲಾಭವಿದೆ. ಅದಕ್ಕೆ ದ್ವಿತೀಯ ಪಿಯುಸಿ ಭೌತಶಾಸ್ತ್ರವೇ ಸಾಕು.

ಸದ್ದು ಹುಟ್ಟುವ ಜಾಗ

ಎಂಜಿನ್ ನಿಂತಿರುವಾಗ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ವಿದ್ಯುತ್ ಕೊಡುವುದರಿಂದ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರುತ್ತದೆ. ಆಲ್ಟರ್ನೇಟರ್ ಎಂದರೆ ನಾವು ಓದುವ ಎ.ಸಿ. ಜನರೇಟರೇ. ಅದರಲ್ಲಿ ಮೂರು ಫೇಸ್‌ನ ಪರ್ಯಾಯ ವಿದ್ಯುತ್ ಹುಟ್ಟುತ್ತದೆ. ಆರು ಡಯೋಡುಗಳು ಅದನ್ನು ನೇರ ವಿದ್ಯುತ್ತಾಗಿ ಬದಲಿಸುತ್ತವೆ. ಆದರೆ ಆ ನೇರ ವಿದ್ಯುತ್ ಪೂರ್ತಿ ಸಮತಟ್ಟಾಗಿರುವುದಿಲ್ಲ. ಅದರ ಮೇಲೆ ಸಣ್ಣ ಅಲೆಗಳು ಉಳಿದಿರುತ್ತವೆ. ರೆಕ್ಟಿಫೈಯರ್ ಪಾಠದಲ್ಲಿ ಬರುವ ‘ರಿಪಲ್’ ಇದೇ.

ಹನ್ನೆರಡು ಧ್ರುವಗಳ ಆಲ್ಟರ್ನೇಟರ್ ಒಂದು ಸುತ್ತು ತಿರುಗಿದರೆ 36 ಅಲೆಗಳು ಬರುತ್ತವೆ. ಅದು ಎಂಜಿನ್ನಿಗಿಂತ ಎರಡೂವರೆ ಪಟ್ಟು ವೇಗವಾಗಿ ತಿರುಗುತ್ತದೆ ಎಂದುಕೊಳ್ಳಿ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಆಲ್ಟರ್ನೇಟರ್ 2000 ಸುತ್ತು ತಿರುಗುತ್ತದೆ. ಆಗ ಸೆಕೆಂಡಿಗೆ 1200 ಅಲೆ, ಅಂದರೆ 1200 ಹರ್ಟ್ಜ್. ಎಂಜಿನ್ 2000 ಸುತ್ತಿಗೆ ಏರಿದರೆ 3000 ಹರ್ಟ್ಜ್. ನಮ್ಮ ಕಿವಿ ಅತ್ಯಂತ ಚುರುಕಾಗಿ ಕೇಳುವುದು ಸುಮಾರು 2000ದಿಂದ 5000 ಹರ್ಟ್ಜ್ ನಡುವಿನ ಸದ್ದನ್ನೇ. ಆಕ್ಸಿಲರೇಟರ್ ಜೊತೆಗೆ ಸದ್ದು ಏರುವುದು ಯಾಕೆ, ಅದು ಅಷ್ಟು ಕಿರಿಕಿರಿ ಕೊಡುವುದು ಯಾಕೆ ಎಂಬುದಕ್ಕೆ ಈ ಲೆಕ್ಕದಲ್ಲೇ ಉತ್ತರವಿದೆ.

ಸ್ಪೀಕರಿಗೆ ಅದು ಹೇಗೆ ನುಗ್ಗುತ್ತದೆ?

ಕಾರಿನ ಕಬ್ಬಿಣದ ಬಾಡಿಯೇ ಬ್ಯಾಟರಿಯ ನೆಗೆಟಿವ್ ತಂತಿಯಂತೆ ಕೆಲಸ ಮಾಡುತ್ತದೆ. ಸ್ಟೀರಿಯೊ ಸೆಟ್ ಡ್ಯಾಶ್‌ಬೋರ್ಡಿನ ಹತ್ತಿರ ಬಾಡಿಗೆ ಅರ್ತ್ ಆಗಿರುತ್ತದೆ. ಹೊರಗಿನಿಂದ ಹಾಕಿಸಿದ ಆಂಪ್ಲಿಫೈಯರ್ ಹಿಂದೆ ಡಿಕ್ಕಿಯಲ್ಲಿ ಅರ್ತ್ ಆಗಿರುತ್ತದೆ. ಎರಡನ್ನೂ ಜೋಡಿಸುವ ಸಿಗ್ನಲ್ ಕೇಬಲ್ಲಿನ ಹೊರಕವಚವೂ ಅರ್ತೇ. ಹೀಗೆ ಬಾಡಿ ಒಂದು ದಾರಿ, ಕೇಬಲ್ಲಿನ ಕವಚ ಇನ್ನೊಂದು ದಾರಿಯಾಗಿ ಒಂದು ಸುತ್ತು ಏರ್ಪಡುತ್ತದೆ. ಇದನ್ನೇ ಗ್ರೌಂಡ್ ಲೂಪ್ ಎನ್ನುತ್ತಾರೆ.

ಆಂಪ್ಲಿಫೈಯರಿನ ಅರ್ತ್ ತಂತಿಯನ್ನು ಪೇಂಟ್ ಕೆರೆಯದೆ ಬೋಲ್ಟ್ ಮಾಡಿದ್ದಾರೆ ಎನ್ನಿ. ಆ ಜಾಗದ ರೋಧ ಕೇವಲ 0.01 ಓಮ್ ಇರಲಿ. ಅಲ್ಲಿ ಹರಿಯುವ ಪ್ರವಾಹದ ಏರಿಳಿತ 1 ಆಂಪಿಯರ್ ಇರಲಿ. ಓಮ್‌ನ ನಿಯಮದ ಪ್ರಕಾರ 10 ಮಿಲಿವೋಲ್ಟ್ ವಿಭವಾಂತರ ಏರಿಳಿಯುತ್ತದೆ. ಇದು ಹಾಡಿನ ಸಿಗ್ನಲ್ಲಿಗೆ ಸೇರಿಕೊಳ್ಳುತ್ತದೆ. ಹತ್ತು ಮಿಲಿವೋಲ್ಟ್ ಏನು ಮಹಾ ಎನ್ನಬೇಡಿ. 100 ವ್ಯಾಟ್ ಆಂಪ್ಲಿಫೈಯರಿನ ಗೇನ್ ಪೂರ್ತಿ ತಿರುಗಿಸಿ 200 ಮಿಲಿವೋಲ್ಟಿಗೇ ಪೂರ್ಣ ಶಕ್ತಿ ಬರುವಂತೆ ಇಟ್ಟಿದ್ದರೆ, 10 ಮಿಲಿವೋಲ್ಟ್ ಅದರ ಇಪ್ಪತ್ತನೇ ಒಂದು ಭಾಗ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಸ್ಪೀಕರಿಗೆ ನಾನೂರನೇ ಒಂದು ಭಾಗ, ಅಂದರೆ ಕಾಲು ವ್ಯಾಟ್ ಸದ್ದು ಹೋಗುತ್ತದೆ. ಮುಚ್ಚಿದ ಕಾರಿನೊಳಗೆ ಅದು ಚೆನ್ನಾಗಿಯೇ ಕೇಳಿಸುತ್ತದೆ. ಗೇನ್ ಇಳಿಸಿ 2 ವೋಲ್ಟಿಗೆ ಹೊಂದಿಸಿದರೆ ಅದೇ ಸದ್ದಿನ ಶಕ್ತಿ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಗೇನ್ ಎಂದರೆ ವಾಲ್ಯೂಮ್ ಅಲ್ಲ ಎಂದು ತಿಳಿದವರು ಹೇಳುವುದು ಇದಕ್ಕೇ.

ಹುಡುಕುವ ಕ್ರಮ

ಮೊದಲು ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷೆ ಮಾಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ.

1. ಎಂಜಿನ್ ಆಫ್ ಇಟ್ಟು ಸ್ಟೀರಿಯೊ ಮಾತ್ರ ಹಾಕಿ. ಆಗಲೂ ಸದ್ದಿದ್ದರೆ ಅದಕ್ಕೆ ಆಲ್ಟರ್ನೇಟರ್ ಕಾರಣವಲ್ಲ. ‘ಸ್ಸ್’ ಎಂಬ ಒಂದೇ ಸಮನೆಯ ಸದ್ದಾದರೆ ಹೆಚ್ಚಾಗಿ ಗೇನ್ ಜಾಸ್ತಿಯಾಗಿರುತ್ತದೆ.

2. ಎಂಜಿನ್ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ಸದ್ದು ಕೀರಲಾಗುತ್ತಾ ಹೋದರೆ ಅದು ಆಲ್ಟರ್ನೇಟರಿನದು. ‘ಟಿಕ್ ಟಿಕ್’ ಎಂದು ವೇಗಕ್ಕೆ ತಕ್ಕಂತೆ ಬಡಿದರೆ ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ ಕಡೆಯ ಸದ್ದೆಂದು ಸಂಶಯಪಡಬಹುದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲದ ಕಾರಣ ಈ ಸಂಶಯವಿಲ್ಲ.

3. ವಾಲ್ಯೂಮ್ ಸೊನ್ನೆಗೆ ಇಳಿಸಿ. ಸದ್ದೂ ಇಳಿದರೆ ಅದು ವಾಲ್ಯೂಮ್ ನಿಯಂತ್ರಣಕ್ಕಿಂತ ಮುಂಚೆಯೇ ಸೇರುತ್ತಿದೆ. ಅಂದರೆ ಎಫ್‌ಎಂ ಆಂಟೆನಾ, ಮೊಬೈಲ್ ಅಥವಾ ಪೆನ್‌ಡ್ರೈವ್ ಕಡೆಯಿಂದ. ವಾಲ್ಯೂಮ್ ಇಳಿಸಿದರೂ ಸದ್ದು ಹಾಗೆಯೇ ಇದ್ದರೆ ಅದು ನಂತರದ ಭಾಗದಲ್ಲಿ, ಅಂದರೆ ಸಿಗ್ನಲ್ ಕೇಬಲ್, ಆಂಪ್ಲಿಫೈಯರ್ ಅಥವಾ ಅರ್ತ್‌ನಲ್ಲಿ ಸೇರುತ್ತಿದೆ.

4. ಮೊಬೈಲನ್ನು ಆಕ್ಸ್ ತಂತಿಯಿಂದ ಜೋಡಿಸಿ, ಜೊತೆಗೇ ಕಾರಿನ ಚಾರ್ಜರಿಗೂ ಹಾಕಿದ್ದರೆ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಗ್ರೌಂಡ್ ಲೂಪ್ ಅಲ್ಲೇ ಇದೆ. ಬ್ಲೂಟೂತ್ ಬಳಸಿದರೆ ತಂತಿಯೇ ಇಲ್ಲದ ಕಾರಣ ಆ ಸುತ್ತು ಕಡಿದುಹೋಗುತ್ತದೆ.

5. ಬೇರೆ ಆಂಪ್ಲಿಫೈಯರ್ ಇದ್ದರೆ ಎಲ್ಲವನ್ನೂ ಆಫ್ ಮಾಡಿ, ಅದಕ್ಕೆ ಬಂದಿರುವ ಸಿಗ್ನಲ್ ಕೇಬಲ್ ಕಳಚಿ ಮತ್ತೆ ಆನ್ ಮಾಡಿ. ಸದ್ದು ನಿಂತರೆ ಕೇಬಲ್ ಅಥವಾ ಸೆಟ್ಟಿನ ಕಡೆ ನೋಡಬೇಕು. ನಿಲ್ಲದಿದ್ದರೆ ಆಂಪ್ಲಿಫೈಯರಿನ ಅರ್ತ್, ಪವರ್ ತಂತಿ, ಸ್ಪೀಕರ್ ತಂತಿ ಅಥವಾ ಆಂಪ್ಲಿಫೈಯರನ್ನೇ ನೋಡಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರಯೋಗಾಲಯದಲ್ಲಿ ಪಾಲಿಸುವ ನಿಯಮವೇ ಇಲ್ಲೂ. ಎರಡನ್ನು ಒಟ್ಟಿಗೆ ಬದಲಿಸಿ ಸದ್ದು ನಿಂತರೆ, ಯಾವುದರಿಂದ ನಿಂತಿತೆಂದು ಗೊತ್ತಾಗುವುದಿಲ್ಲ.

ಪರಿಹಾರ

ಹೆಚ್ಚಿನ ಸಲ ಅರ್ತ್ ಸರಿಪಡಿಸಿದರೆ ಮುಗಿಯಿತು. ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ಅರ್ತ್ ತಂತಿ ಪವರ್ ತಂತಿಯಷ್ಟೇ ದಪ್ಪವಿದ್ದು ಆದಷ್ಟು ಗಿಡ್ಡವಾಗಿರಬೇಕು. ಅರ್ಧ ಮೀಟರ್ ಮೀರದಿದ್ದರೆ ಒಳ್ಳೆಯದು. ಬೋಲ್ಟ್ ಬಿಗಿ ಮಾಡಿದ ಮೇಲೆ ತುಕ್ಕು ಹಿಡಿಯದಂತೆ ಮೇಲಿನಿಂದ ಗ್ರೀಸ್ ಅಥವಾ ಪೇಂಟ್ ಹಚ್ಚಿ. ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಎರಡೂ ಅರ್ತ್‌ಗೆ ಶತ್ರುಗಳೇ.

ಪವರ್ ತಂತಿ ಕಾರಿನ ಒಂದು ಬದಿಯಲ್ಲಿ, ಸಿಗ್ನಲ್ ಕೇಬಲ್ ಇನ್ನೊಂದು ಬದಿಯಲ್ಲಿ ಹೋಗಲಿ. ಒಟ್ಟಿಗೆ ಕಟ್ಟಿದರೆ ಒಂದರ ಕಾಂತಕ್ಷೇತ್ರ ಇನ್ನೊಂದರಲ್ಲಿ ಸದ್ದನ್ನು ಪ್ರೇರಿಸುತ್ತದೆ. ದಾಟಲೇಬೇಕಾದರೆ ಲಂಬಕೋನದಲ್ಲಿ ದಾಟಿಸಿ. ಇಷ್ಟಾದರೂ ಸದ್ದು ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬಹುದು. ಅದರೊಳಗಿರುವುದು ಪುಟ್ಟ ಟ್ರಾನ್ಸ್‌ಫಾರ್ಮರ್. ಅನ್ಯೋನ್ಯ ಪ್ರೇರಣೆಯಿಂದ ಹಾಡು ದಾಟುತ್ತದೆ, ಅರ್ತ್‌ನ ನೇರ ಸಂಪರ್ಕ ಕಡಿಯುತ್ತದೆ.

ಇವು ಮರೆಯಬಾರದು

ಸದ್ದಿನ ಜೊತೆ ಹೆಡ್‌ಲೈಟ್ ಮಿನುಗಿದರೆ ಅಥವಾ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ದೀಪ ಉರಿದರೆ ಆಲ್ಟರ್ನೇಟರ್ ಪರೀಕ್ಷಿಸಿ. ಎಂಜಿನ್ ಓಡುವಾಗ ಮಲ್ಟಿಮೀಟರನ್ನು ಎ.ಸಿ.ಗೆ ಇಟ್ಟು ಬ್ಯಾಟರಿಯ ಮೇಲೆ ಅಳೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡ್ ಹೋಗಿರುವ ಸಂಶಯವಿದೆ. ಅದನ್ನು ಬಿಟ್ಟು ಫಿಲ್ಟರ್ ಹಾಕಿಸಿದರೆ ಸದ್ದು ಅಡಗಬಹುದು, ಗಾಡಿ ಮಾತ್ರ ಒಂದು ರಾತ್ರಿ ದಾರಿಯಲ್ಲೇ ನಿಲ್ಲಬಹುದು.

ಎಂಜಿನ್ ಓಡುವಾಗ ಬ್ಯಾಟರಿ ತಂತಿ ಕಳಚಬೇಡಿ. ವೋಲ್ಟೇಜ್ ತಟ್ಟನೆ ನೆಗೆದು ಎಲೆಕ್ಟ್ರಾನಿಕ್ ಭಾಗಗಳು ಸುಡುತ್ತವೆ. ಹಳದಿ ಹೊದಿಕೆಯ ತಂತಿಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವುಗಳನ್ನು ಮುಟ್ಟಬೇಡಿ. ಆಂಪ್ಲಿಫೈಯರಿನ ಪವರ್ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಫ್ಯೂಸ್ ಇಲ್ಲದ ತಂತಿಯ ಇನ್ಸುಲೇಶನ್ ಎಲ್ಲಾದರೂ ಸವೆದು ಬಾಡಿಗೆ ತಾಗಿದರೆ ಕಾರಿಗೆ ಬೆಂಕಿ ಬೀಳಬಹುದು. ಸದ್ದಿಲ್ಲದ ಗಾಡಿಯಲ್ಲೂ ಇದೊಂದನ್ನು ಇಂದೇ ನೋಡಿ.

ತಂತಿ ಕೆಲಸ ಬಾರದವರು ಪರೀಕ್ಷೆಗಳ ಫಲಿತಾಂಶವನ್ನಷ್ಟೇ ಚೀಟಿಯಲ್ಲಿ ಬರೆದು ಎಲೆಕ್ಟ್ರಿಷಿಯನ್‌ಗೆ ಕೊಡಿ. ‘ಎಂಜಿನ್ ಆಫ್ ಇದ್ದಾಗ ಸದ್ದಿಲ್ಲ, ವಾಲ್ಯೂಮ್ ಇಳಿಸಿದರೂ ನಿಲ್ಲುವುದಿಲ್ಲ, ಕೇಬಲ್ ಕಳಚಿದರೆ ನಿಲ್ಲುತ್ತದೆ’ ಎಂಬ ಮೂರು ಮಾತು ಅವರ ಅರ್ಧ ದಿನದ ಕೆಲಸ ಉಳಿಸುತ್ತದೆ, ನಿಮ್ಮ ಹಣವನ್ನೂ ಉಳಿಸುತ್ತದೆ.