ಹರಿಹರಕ್ಕೆ ಕೇಳಿಸದ ಪ್ರಶ್ನೆ

2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಶುರುವಾಯ್ತು. ಹರಿಹರದವರು ಮನೆಯಲ್ಲಿದ್ದುಕೊಂಡೇ, ಬಸ್ಸಿನಲ್ಲಿ ತೋಳಹುಣಸೆಯ ಕ್ಯಾಂಪಸ್ಸಿಗೆ ಓಡಾಡಿಕೊಂಡು ಪಿಎಚ್‌ಡಿ ಮಾಡಬಹುದು. ಆದರೆ ಅವರ ವಿಷಯದ ದೊಡ್ಡ ಸಮ್ಮೇಳನ ನಡೆಯೋದು ಎಲ್ಲಿ? ದೆಹಲಿಯಲ್ಲೋ, ವಿದೇಶದಲ್ಲೋ.

ಹರಿಹರದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ನನಗೆ ಹೇಳಿದ್ದು ಕೇಳಿ. ದೆಹಲಿಯ ಸಮ್ಮೇಳನಕ್ಕೆ ಪ್ರಬಂಧ ಆಯ್ಕೆಯಾಗಿತ್ತು. ನೋಂದಣಿ ಶುಲ್ಕ, ರೈಲು, ಲಾಡ್ಜು ಅಂತ ಲೆಕ್ಕ ಹಾಕಿದರೆ ಕೈಗೆಟುಕಲಿಲ್ಲ. ಆನ್‌ಲೈನ್‌ನಲ್ಲೇ ಮಂಡಿಸಿದರು. ಸಭೆಯಲ್ಲಿ ಯಾರೋ ಎದ್ದು ಪ್ರಶ್ನೆ ಕೇಳಿದರು. ಬಾಯಿ ಆಡಿದ್ದು ಕಾಣಿಸಿತು, ಮಾತು ಕೇಳಿಸಲಿಲ್ಲ. ವೇದಿಕೆಯ ಮೈಕನ್ನು ಕಂಪ್ಯೂಟರಿಗೆ ಜೋಡಿಸಿದ್ದರು, ಸಭಿಕರ ಮೈಕನ್ನು ಮರೆತಿದ್ದರು. ಅಧ್ಯಕ್ಷರು ಮುಂದಿನವರನ್ನು ಕರೆದರು. "ಆ ಪ್ರಶ್ನೆ ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ ಸರ್" ಅಂದರು.

ಅಷ್ಟೇ ತಾನೆ ಅನ್ನಬೇಡಿ. ಪ್ರಬಂಧವನ್ನು ಮನೆಯಲ್ಲೇ ಓದಬಹುದು. ತಪ್ಪು ತೋರಿಸುವವರು, ಹೊಸ ದಾರಿ ಹೇಳುವವರು ಸಿಗೋದು ಸಮ್ಮೇಳನದಲ್ಲೇ. ಜನ ಅಲ್ಲಿಗೆ ಹೋಗೋದೇ ಆ ಪ್ರಶ್ನೆಗೋಸ್ಕರ.

ನಾನು ಎಂಜಿನಿಯರಿಂಗ್ ಓದಿ ಟಿವಿಗೆ ಬಂದವನು. ನಮ್ಮ ಚರ್ಚೆಗೆ ದೂರದ ಊರಿನಿಂದ ಅತಿಥಿ ಬಂದರೆ ಏನು ಮಾಡ್ತೀವಿ ಗೊತ್ತಾ? ಸ್ಟುಡಿಯೋದ ಪ್ರತಿ ಮೈಕಿನ ಧ್ವನಿಯೂ ಅವರ ಕಿವಿಗೆ ಹೋಗುತ್ತೆ, ಅವರದೊಂದನ್ನು ಬಿಟ್ಟು. ತಮ್ಮದೇ ಮಾತು ತಡವಾಗಿ ವಾಪಸ್ ಕೇಳಿಸಿದರೆ ಯಾರಾದರೂ ತಡವರಿಸುತ್ತಾರೆ. ಇದಕ್ಕೆ ಮಿಕ್ಸ್ ಮೈನಸ್ ಅಂತಾರೆ. ಜೊತೆಗೆ, ಅತಿಥಿಗೆ ಕೇಳಿಸ್ತಿದೆಯಾ ಅಂತ ನೋಡೋಕೆ ಒಬ್ಬರು ಇದ್ದೇ ಇರ್ತಾರೆ. ಇದು ರಾಕೆಟ್ ವಿಜ್ಞಾನವೇನಲ್ಲ, ದಿನನಿತ್ಯದ ಕೆಲಸ.

ಸಮ್ಮೇಳನಗಳೂ ಇದನ್ನು ಮಾಡಿ ತೋರಿಸಿವೆ. ಕೃತಕ ಬುದ್ಧಿಮತ್ತೆಯ ಐಸಿಎಲ್‌ಆರ್ ಸಮ್ಮೇಳನ 2020ರಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ನಡೆಯಬೇಕಿತ್ತು. ಕೋವಿಡ್ ಬಂದು ಪೂರ್ತಿ ಆನ್‌ಲೈನ್ ಆಯ್ತು. ಪ್ರಬಂಧಗಳ ವಿಡಿಯೋ ಮೊದಲೇ ರೆಕಾರ್ಡ್ ಮಾಡಿಟ್ಟು, ನೇರ ಸಮಯವನ್ನು ಪ್ರಶ್ನೋತ್ತರಕ್ಕೆ ಕೊಟ್ಟರು. ಅಂದರೆ ಭಾಷಣಕ್ಕಿಂತ ಮಾತುಕತೆಗೆ ಬೆಲೆ.

ಕೋವಿಡ್ ಹೋಯ್ತು, ಎಷ್ಟೋ ಕಡೆ ಈ ಪಾಠವೂ ಮರೆತುಹೋಯ್ತು. ಒಂದು ಯೂಟ್ಯೂಬ್ ಲಿಂಕ್ ಕೊಟ್ಟು ಹೈಬ್ರಿಡ್ ಅಂತ ಬೋರ್ಡ್ ಹಾಕಿದರೆ ಆಗಲ್ಲ ಸ್ವಾಮಿ. ಅದು ನೋಡುವವರಿಗೆ ಸಾಕು, ಭಾಗವಹಿಸುವವರಿಗೆ ಸಾಲದು. ದೂರದವರಿಗೆ ಶುಲ್ಕ ಇಳಿಸಿ. ಅವರನ್ನು ನೋಡಿಕೊಳ್ಳೋಕೆ ಒಬ್ಬರನ್ನು ನೇಮಿಸಿ. ಮೊದಲ ಪ್ರಶ್ನೆ ಅವರಿಂದಲೇ ಬರಲಿ.

ದೆಹಲಿಗೆ ಮಾತ್ರ ಹೇಳ್ತಿಲ್ಲ. ದಾವಣಗೆರೆಯಲ್ಲಿ ವಿಚಾರ ಸಂಕಿರಣ ನಡೆದಾಗ ಜಗಳೂರಿನವರಿಗೆ ನಮ್ಮ ಮಾತು ಕೇಳಿಸುತ್ತಾ? ಮೊದಲು ನಮ್ಮ ಮೈಕ್ ಪರೀಕ್ಷೆ ಮಾಡಿಕೊಳ್ಳೋಣ.